ಕರಡಿಗೆ, ಭರಣಿ, ಪೆಟ್ಟಿಗೆ

ನಮ್ಮ ಮನೆಯಲ್ಲಿ ಪೆಟ್ಟಿಗೆಗಳು ಎಷ್ಟಿವೆಯೆಂದು ಈಚೆಗೆ ಒಂದು ಮಧ್ಯಾಹ್ನ ಎಣಿಸಲು ಹೊರಟೆ. ಅಟ್ಟದ ಮೇಲಿನ ತಗಡಿನ ಟ್ರಂಕುಗಳನ್ನೂ ಅಡಿಗೆಮನೆಯ ಡಬ್ಬಗಳನ್ನೂ ಬಿಟ್ಟು, ಕೆತ್ತನೆಯದೋ ಬಣ್ಣದ್ದೋ ಕುಸುರಿಯದೋ ಒಂದಿಷ್ಟು ಅಲಂಕಾರವನ್ನು ಮೈಮೇಲೆ ಹೊತ್ತಂಥವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. 17 ಆದವು. ಅವುಗಳಲ್ಲಿ ಒಳಗೆ ಏನಾದರೂ ಇದ್ದದ್ದು 6ರಲ್ಲಿ. ಉಳಿದವು ಬರಿದು. ಒಂದರಲ್ಲಂತೂ, ಸಾಗಿಸುವಾಗ ಮುಚ್ಚಳ ಅಲುಗದಿರಲೆಂದು ಅಂಗಡಿಯವನು ತುರುಕಿದ್ದ ವೃತ್ತಪತ್ರಿಕೆಯ ಚೂರು ಹಾಗೆಯೇ ಇತ್ತು. ಅದನ್ನು ಬಿಡಿಸಿ ಓದಿದೆ. 30 ವರ್ಷಗಳ ಹಿಂದಿನ ಅಡಿಕೆಯ ಧಾರಣೆ.

ಈ ಲೆಕ್ಕದಿಂದ ನನಗೆ ಸ್ವಲ್ಪ ನಾಚಿಕೆಯಾಯಿತೆಂದು ಒಪ್ಪಿಕೊಳ್ಳಬೇಕು. ಗೊಂಬೆಯನ್ನು ನೋಡುವುದಕ್ಕೆಂದು ತರುತ್ತೇವೆ, ಕೊಡವನ್ನು ನೀರು ತುಂಬಲೆಂದು ತರುತ್ತೇವೆ. ಅಲಂಕಾರದ ಪೆಟ್ಟಿಗೆಗೆ ಈ ಎರಡು ಕೆಲಸಗಳೂ ಒಟ್ಟಿಗೆ ಬಿದ್ದಿವೆ. ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಕುಳಿತು, ನಾಲ್ಕು ಜನರ ಕಣ್ಣಿಗೆ ಬೀಳಬಾರದ್ದನ್ನು ಅದು ಕಾಯಬೇಕು. ಒಳಗೆ ಏನೂ ಇಲ್ಲದ ಮೇಲೆ ಅದು ಕಾಯುವುದಾದರೂ ಏನನ್ನು? ಇಂಥ ಪೆಟ್ಟಿಗೆಗಳನ್ನು ಮನೆಯಲ್ಲಿ ಎಲ್ಲಿಡಬೇಕು, ಯಾವುದರಲ್ಲಿ ಏನನ್ನಿಡಬಹುದು, ಏನನ್ನಿಡಬಾರದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ: ಒಂದು ಒಳ್ಳೆಯ ಪೆಟ್ಟಿಗೆಯನ್ನು ನನ್ನ ಕೈಯಾರೆ ಕೆಡಿಸಿದ ಅನುಭವ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರುಗಳ ಮಾತು. ಕನ್ನಡಕ್ಕೆ ಪೆಟ್ಟಿಗೆಯ ಬಡತನವಿಲ್ಲ. ದೊಡ್ಡದಕ್ಕೂ ಚಿಕ್ಕದಕ್ಕೂ ಸಲ್ಲುವುದು ಪೆಟ್ಟಿಗೆ. ಉತ್ತರದ ಜಿಲ್ಲೆಗಳಲ್ಲಿ ಅದರ ಅಣ್ಣನಂತಿರುವುದು ಸಂದೂಕ. ಗುಂಡಗೆ ಕಡೆದು ಮುಚ್ಚಳ ಹಾಕಿದ್ದು ಭರಣಿ. ಉಪ್ಪಿನಕಾಯಿಗೂ ಭರಣಿ, ಕುಂಕುಮಕ್ಕೂ ಭರಣಿ, ಗಾತ್ರದಲ್ಲಿ ಮಾತ್ರ ಅಜಗಜಾಂತರ. ಸಂಸ್ಕೃತದ ಕರಂಡಕ ನಮ್ಮಲ್ಲಿ ಕರಡಿಗೆಯಾಯಿತು. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಪುಟ್ಟ ಸಂಪುಟಕ್ಕೂ ಕರಡಿಗೆಯೆಂದೇ ಹೆಸರು. ಮನುಷ್ಯನ ಮೈಗೆ ಅದಕ್ಕಿಂತ ಹತ್ತಿರವಾದ ಪೆಟ್ಟಿಗೆ ಇನ್ನೊಂದಿರಲಾರದು. ಗ್ರಂಥಕರ್ತರಿಗೂ ಈ ಹೆಸರುಗಳ ಮೇಲೆ ಬಹಳ ಪ್ರೀತಿ. ಸಮಂತಭದ್ರಾಚಾರ್ಯರು ಶ್ರಾವಕರ ಆಚಾರವನ್ನು ಕುರಿತ ತಮ್ಮ ಗ್ರಂಥವನ್ನು ರತ್ನದ ಕರಂಡಕವೆಂದು ಕರೆದರು. ನಾಗೇಶಭಟ್ಟರ ವ್ಯಾಕರಣ ಗ್ರಂಥದ ಹೆಸರು ಲಘುಮಂಜೂಷೆ; ಮಂಜೂಷೆಯೆಂದರೂ ಪೆಟ್ಟಿಗೆಯೇ. ಅದು ಲಘುವೆಂದು ನಂಬಿ ಓದಲು ಕುಳಿತವರ ಪಾಡು ಬೇರೆ. ಇನ್ನು ಸಂಪುಟವೆಂಬ ಮಾತು. ಅಡಿಯ ಭಾಗವೂ ಮುಚ್ಚಳವೂ ಎರಡು ಅಂಗೈಗಳಂತೆ ಒಂದರ ಮೇಲೊಂದು ಕೂಡಿಕೊಂಡದ್ದು ಸಂಪುಟ. ನಾವು ಇಂದು ಪುಸ್ತಕಕ್ಕೂ ಮಂತ್ರಿಗಳ ಗುಂಪಿಗೂ ಅದೇ ಹೆಸರಿಟ್ಟುಕೊಂಡಿದ್ದೇವೆ. ಎರಡರಲ್ಲಿಯೂ ಒಳಗಿರುವುದೇನೆಂದು ತೆರೆದು ನೋಡುವವರು ಕಡಮೆ.

ತೆರೆಯದೆ ಇಡುವುದೇ ಧರ್ಮವಾಗಿರುವ ಪೆಟ್ಟಿಗೆ ನನಗೆ ತಿಳಿದಂತೆ ಒಂದಿದೆ. ಕುಕ್ಕೆ ಸುಬ್ರಹ್ಮಣ್ಯದ ಮಠದಲ್ಲಿ ಪೂಜೆಗೊಳ್ಳುವ ಸಂಪುಟ ನರಸಿಂಹ ಅದು. ಬಲ್ಲಾಳ ಅರಸನೊಬ್ಬ ಆನೆಯಿಂದ ತುಳಿಸಿ ಅದನ್ನು ಒಡೆಯಿಸಲು ನೋಡಿ ಪಶ್ಚಾತ್ತಾಪಪಟ್ಟನೆಂದು ಅಲ್ಲಿಯ ಐತಿಹ್ಯ ಹೇಳುತ್ತದೆ. ಅಲ್ಲಿ ಮುಚ್ಚಿರುವುದರಲ್ಲೇ ಮಹಿಮೆಯಿದೆ. ನಮ್ಮ ನಡುಮನೆಯ ಪೆಟ್ಟಿಗೆಗಳಿಗೆ ಆ ಮಹಿಮೆಯನ್ನು ಆರೋಪಿಸುವಂತಿಲ್ಲ.

ಪೆಟ್ಟಿಗೆಯನ್ನು ಚೆನ್ನಾಗಿ ಬಳಸಿಕೊಂಡ ಗೃಹಿಣಿಯೊಬ್ಬಳ ಕಥೆಯನ್ನು ಇಲ್ಲಿ ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ. 11ನೆಯ ಶತಮಾನದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ವರರುಚಿಯ ಹೆಂಡತಿ ಉಪಕೋಶೆ ಬರುತ್ತಾಳೆ. ಗಂಡ ತಪಸ್ಸಿಗೆಂದು ಹಿಮಾಲಯಕ್ಕೆ ಹೋಗಿದ್ದಾನೆ. ಊರಿನ ಮೂವರು ದೊಡ್ಡ ಮನುಷ್ಯರು, ಪುರೋಹಿತನೂ ಸೇರಿ, ಅವಳ ಬೆನ್ನು ಹತ್ತುತ್ತಾರೆ. ಗಂಡ ಇಟ್ಟುಹೋದ ಹಣವನ್ನು ಕೇಳಿದರೆ ವರ್ತಕನೂ ಅದೇ ರಾಗ ಹಾಡುತ್ತಾನೆ. ಉಪಕೋಶೆ ನಾಲ್ವರಿಗೂ ಒಂದೇ ರಾತ್ರಿಯ ನಾಲ್ಕು ಜಾವಗಳನ್ನು ಹಂಚಿಕೊಡುತ್ತಾಳೆ. ಬಂದವರಿಗೆಲ್ಲ ಕತ್ತಲೆಯಲ್ಲಿ ಅಭ್ಯಂಜನವೆಂಬ ನೆಪದಲ್ಲಿ ಎಣ್ಣೆಯಲ್ಲಿ ಕಲಸಿದ ಕಾಡಿಗೆಯ ಲೇಪನ. ಮುಂದಿನವನು ಬಾಗಿಲು ತಟ್ಟಿದೊಡನೆ ಹಿಂದಿನವನಿಗೆ ದೊಡ್ಡ ಪೆಟ್ಟಿಗೆಯೊಳಗೆ ಆಶ್ರಯ. ಕೊನೆಗೆ ಬಂದ ವರ್ತಕ ಹಣದ ಮಾತನ್ನು ಒಪ್ಪಿಕೊಂಡದ್ದನ್ನು ಪೆಟ್ಟಿಗೆಯೊಳಗಿನ ಮೂವರೂ ಕೇಳಿಸಿಕೊಂಡರು. ಮರುದಿನ ನಂದರಾಜನ ಸಭೆಯಲ್ಲಿ ಅವನು ಇಲ್ಲವೆಂದಾಗ, ನನ್ನ ಮನೆದೇವರುಗಳು ಪೆಟ್ಟಿಗೆಯಲ್ಲಿದ್ದಾರೆ, ಅವರೇ ಸಾಕ್ಷಿಯೆಂದು ಆಕೆ ಪೆಟ್ಟಿಗೆಯನ್ನೇ ತರಿಸಿದಳು. ದೇವರುಗಳು ಒಳಗಿನಿಂದಲೇ ನಿಜ ನುಡಿದರು. ಮುಚ್ಚಳ ತೆರೆದಾಗ ಸಭೆಗೆ ಕಂಡ ನೋಟವನ್ನು ಕೇಳುವವರು ಊಹಿಸಿಕೊಳ್ಳಬಹುದು. ಆ ಪೆಟ್ಟಿಗೆಯ ಮೇಲೆ ಎಂಥ ಕೆತ್ತನೆಯಿತ್ತೆಂದು ಸೋಮದೇವ ಹೇಳುವ ಗೋಜಿಗೆ ಹೋಗಿಲ್ಲ.

ಹಿಂದಿನ ಮನೆಗಳಲ್ಲಿ ಅಲಂಕಾರದ ಪೆಟ್ಟಿಗೆಗೆ ತನ್ನದೇ ಆದ ಸ್ಥಾನವಿತ್ತು. ಮಣ್ಣಿನ ಗೋಡೆಗಳು ಒಂದೂವರೆ ಎರಡು ಅಡಿ ದಪ್ಪವಾಗಿರುತ್ತಿದ್ದುವಾದ್ದರಿಂದ ಅವುಗಳಲ್ಲೇ ಗೂಡುಗಳನ್ನು ಬಿಡುತ್ತಿದ್ದರು. ದೇವರ ಮನೆಯ ಗೂಡಿನಲ್ಲಿ ಅರಿಸಿನ ಕುಂಕುಮದ ಭರಣಿ, ಪಡಸಾಲೆಯ ಗೂಡಿನಲ್ಲಿ ತಾಂಬೂಲದ ಪೆಟ್ಟಿಗೆ, ಮಲಗುವ ಕೋಣೆಯ ಗೂಡಿನಲ್ಲಿ ಕನ್ನಡಿ, ಬಾಚಣಿಗೆ, ಸೂಜಿ ದಾರಗಳ ಪೆಟ್ಟಿಗೆ. ಗೂಡು ನಿಂತವರ ಕೈಗೋ ಕುಳಿತವರ ಕೈಗೋ ಎಟುಕುವ ಎತ್ತರದಲ್ಲಿ ಇರುತ್ತಿತ್ತು. ಪೆಟ್ಟಿಗೆ ಕಣ್ಣಿಗೆ ಕಾಣುತ್ತಿತ್ತು, ಕೈಗೂ ಸಿಗುತ್ತಿತ್ತು. ಪ್ರದರ್ಶನ ಬೇರೆ, ಬಳಕೆ ಬೇರೆ ಎಂಬ ಭಾವನೆಯೇ ಆಗ ಇರಲಿಲ್ಲ. ಇಟ್ಟಿಗೆ ಸಿಮೆಂಟಿನ ತೆಳುಗೋಡೆಗಳು ಬಂದಾಗ ಗೂಡು ಮಾಯವಾಯಿತು. ಗೂಡನ್ನು ಕಳೆದುಕೊಂಡ ಪೆಟ್ಟಿಗೆಗಳನ್ನೆಲ್ಲ ಒಂದೆಡೆ ಸೇರಿಸಲು ಷೋಕೇಸು ಎಂಬ ಗಾಜಿನ ಬೀರು ಬಂದಿತು. ಆಗ್ರಾದಿಂದ ತಂದ ಪುಟ್ಟ ತಾಜಮಹಲು, ಯಾರೂ ಕಾಫಿ ಕುಡಿಯದ ಪಿಂಗಾಣಿ ಬಟ್ಟಲುಗಳು, ಮಕ್ಕಳ ಬಹುಮಾನದ ಲೋಟಗಳು, ಇವುಗಳ ನಡುವೆ ನಮ್ಮ ಭರಣಿ ಕರಡಿಗೆಗಳೂ ಕುಳಿತುವು. ಷೋಕೇಸಿಗೆ ಬೀಗವಿತ್ತು. ಬೀಗದ ಕೈ ಮನೆಯೊಡತಿಯ ಬಳಿ ಇತ್ತು. ನಮ್ಮ ಮನೆಯ ಮಟ್ಟಿಗೆ ಆ ಒಡತಿ ನಾನು.

ಈಗ ನನ್ನ ಕಥೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಹಳೆಯ ಮೈಸೂರಿನ ನೌಕರರಿಗೆ ಬೀದರಿಗೆ ವರ್ಗವಾಯಿತೆಂದರೆ ಮನೆಯಲ್ಲಿ ಅಳು ಹುಟ್ಟುತ್ತಿತ್ತಂತೆ. ನಮ್ಮ ಮಾವನವರಿಗೂ ಆ ವರ್ಗ ಬಂದಿತು. ಅಳುತ್ತ ಹೋದ ನಮ್ಮ ಅತ್ತೆಯವರು ಮೂರು ವರ್ಷಗಳ ಮೇಲೆ ಬೀದರನ್ನು ಬಿಟ್ಟು ಬರುವಾಗಲೂ ಅತ್ತರೆಂದು ಮಾವನವರು ನಗೆಯಾಡುತ್ತಿದ್ದರು. ಬರುವಾಗ ಅವರೊಡನೆ ಬಂದದ್ದು ಒಂದು ಬಿದರಿ ಕೆಲಸದ ತಾಂಬೂಲದ ಪೆಟ್ಟಿಗೆ. ಅಲ್ಲಿಯವರ ಮಾತಿನಲ್ಲಿ ಪಾನ್‌ದಾನ್. ಅಂಗೈ ಮೇಲೆ ಇಟ್ಟುಕೊಂಡರೆ ಕೈ ಬಾಗುವಷ್ಟು ಭಾರ. ಇದ್ದಲಿನಂಥ ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ಒಳಗೆ ಹಿತ್ತಾಳೆಯ ಒಂದು ತಟ್ಟೆ, ತಟ್ಟೆಯ ಕೆಳಗೆ ಅಡಿಕೆ, ಲವಂಗ, ಏಲಕ್ಕಿಗಳಿಗೆ ಸಣ್ಣ ಸಣ್ಣ ಮನೆಗಳು. ಅತ್ತೆಯವರು ಮಧ್ಯಾಹ್ನದ ಊಟ ಮುಗಿಸಿ ಚಾಪೆಯ ಮೇಲೆ ಕುಳಿತು ಅದರ ಮುಚ್ಚಳ ಮುಚ್ಚಿದಾಗ ಟಕ್ ಎಂದು ಒಂದು ಶಬ್ದವಾಗುತ್ತಿತ್ತು. ಇನ್ನು ಅವರನ್ನು ಮಾತನಾಡಿಸಬಹುದು ಎಂಬುದಕ್ಕೆ ಮನೆಯವರಿಗೆಲ್ಲ ಅದೇ ಸೂಚನೆ. ಯಾರಾದರೂ ಬಂದರೆ ಅವರು ಮಾತಿಗೆ ಮೊದಲು ಪೆಟ್ಟಿಗೆಯನ್ನು ಮುಂದಕ್ಕೆ ಸರಿಸುತ್ತಿದ್ದರು.

1985ರಲ್ಲಿ ನಾವು ಷೋಕೇಸು ಮಾಡಿಸಿದೆವು. ಮರುವರ್ಷದ ದಸರೆಗೆ ಬೊಂಬೆ ಕೂಡಿಸುವ ಸಂಭ್ರಮದಲ್ಲಿ, ಮನೆಯ ಚೆಂದದ ಪೆಟ್ಟಿಗೆಗಳನ್ನೆಲ್ಲ ಅದರಲ್ಲಿ ಸಾಲಾಗಿ ಇಡಬೇಕೆಂದು ನನಗೆ ಹೊಳೆಯಿತು. ಅತ್ತೆಯವರನ್ನು ಕೇಳಿದೆ. "ಇಡಮ್ಮ, ನಾಲ್ಕು ಜನ ನೋಡಲಿ" ಎಂದು ಅವರೇ ಎತ್ತಿಕೊಟ್ಟರು. ಹಬ್ಬಕ್ಕೆ ದೀಪದ ಕಂಭ, ಗಂಟೆ, ಚೊಂಬುಗಳನ್ನು ಉಜ್ಜಲೆಂದು ನೆನೆಸಿಟ್ಟಿದ್ದ ಹುಣಿಸೆಹಣ್ಣು ಹತ್ತಿರದಲ್ಲಿಯೇ ಇತ್ತು. ಕಪ್ಪು ಹಿಡಿದಿದೆ, ತೊಳೆದರೆ ಹೊಳೆದೀತು ಎಂದುಕೊಂಡು ಪೆಟ್ಟಿಗೆಯನ್ನೂ ಅದರಲ್ಲಿಯೇ ತಿಕ್ಕಿದೆ. ತೊಳೆದು ನೋಡಿದರೆ ಮುಚ್ಚಳದ ಅರ್ಧ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆಳ್ಳಿಯ ಬಳ್ಳಿ ಎಲ್ಲಿ ಮುಗಿಯಿತು, ಉಳಿದ ಲೋಹ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದಂತಾಗಿತ್ತು. ಅತ್ತೆಯವರಿಗೆ ಆಗಲೇ ಕಣ್ಣಿನ ಪೊರೆ ಬಲಿತಿತ್ತು. ಬೆಳಕಿಗೆ ಹಿಡಿದು ಹೊತ್ತು ನೋಡಿದರು. "ಹೋಗಲಿ ಬಿಡಮ್ಮ, ಗೊತ್ತಿಲ್ಲದೆ ಮಾಡಿದೆ" ಎಂದರು. ನಾನು ಕೆಟ್ಟ ಭಾಗವನ್ನು ಹಿಂದಕ್ಕೆ ತಿರುಗಿಸಿ ಷೋಕೇಸಿನಲ್ಲಿಟ್ಟು ಬೀಗ ಹಾಕಿದೆ.

ನಿಜವಾದ ತಪ್ಪು ತಿಳಿದದ್ದು ಅದಾದ ಎರಡು ತಿಂಗಳಿಗೆ. ಎಲೆ ಅಡಿಕೆಯನ್ನು ಅವರು ಎಲ್ಲಿಟ್ಟುಕೊಂಡಿದ್ದಾರೆಂದು ಅದುವರೆಗೆ ನಾನು ಕೇಳಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಹಜಾರಕ್ಕೆ ಬಂದಾಗ ಅವರು ಮಗುವಿನ ಹಾಲುಪುಡಿಯ ಹಳೆಯ ಡಬ್ಬವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಚಮಚದ ಹಿಡಿಯಿಂದ ಅದರ ಮುಚ್ಚಳವನ್ನು ಎಬ್ಬಿಸಲು ತಡಕಾಡುತ್ತಿದ್ದರು. ಅಷ್ಟರಲ್ಲಿ ನೆರೆಯವರೊಬ್ಬರು ಬಾಗಿಲಲ್ಲಿ ಕಾಣಿಸಿಕೊಂಡರು. ಅತ್ತೆಯವರು ಡಬ್ಬವನ್ನು ಸೆರಗಿನಲ್ಲಿ ಮುಚ್ಚಿ ದಿಂಬಿನ ಹಿಂದಕ್ಕೆ ತಳ್ಳಿದರು. ಬಂದವರಿಗೆ ತಾಂಬೂಲ ಕೊಡಲಿಲ್ಲ.

ಮುಂದಿನ ವರ್ಷದ ಆರಂಭದಲ್ಲಿ ನನ್ನ ಯಜಮಾನರಿಗೆ ಗುಲ್ಬರ್ಗದಲ್ಲಿ ಕೆಲಸ ಬಿದ್ದಾಗ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿಕೊಂಡು ನಾನೂ ಹೊರಟೆ. ಗುಲ್ಬರ್ಗದಿಂದ ಬೀದರಿಗೆ ಆಗ ರೈಲಿರಲಿಲ್ಲ. ಆ ಮಾರ್ಗ ತೆರೆದದ್ದು 2017ರಲ್ಲಿ. ಬಸ್ಸಿನಲ್ಲಿ ಹೋಗಿ, ಚೌಬಾರದ ಗೋಪುರದ ಆಸುಪಾಸಿನಲ್ಲಿ ವಿಚಾರಿಸಿ, ವಯಸ್ಸಾದ ಕುಶಲಕರ್ಮಿಯೊಬ್ಬರ ಮುಂದೆ ಗಂಟು ಬಿಚ್ಚಿದೆ. ಅವರು ಮುಚ್ಚಳದ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, "ಹುಣಸಿಹಣ್ಣು ಹಚ್ಚಿ ತಿಕ್ಕೀರೇನ್ರೀ ಅಕ್ಕಾರ?" ಎಂದರು. ತಲೆಯಾಡಿಸಿದೆ. "ಇದು ಹಿತ್ತಾಳಿ ಅಲ್ರೀ. ಕರಿ ಹೋದ್ರ ಬೆಳ್ಳಿ ಎಲ್ಲಿ ಕಾಣಬೇಕು?" ಎಂದು ನಕ್ಕರು. ಬೈಯದೆ ನಕ್ಕದ್ದರಿಂದ ನನಗೆ ಇನ್ನಷ್ಟು ಮುಜುಗರವಾಯಿತು.

ಆ ಎರಡು ದಿನಗಳಲ್ಲಿ ನಾನು ನೋಡಿ ಕೇಳಿ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಿದರಿಯ ಸಾಮಾನು ಕಬ್ಬಿಣದ್ದಲ್ಲ, ಕಂಚಿನದೂ ಅಲ್ಲ. ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಅದನ್ನು ಎರಕ ಹೊಯ್ಯುತ್ತಾರೆ. ಹೊರಬಂದಾಗ ಅದರ ಬಣ್ಣ ಸಾಧಾರಣ ಬೂದಿಯದು. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತಿನ ನೀರು ಸವರುತ್ತಾರೆ. ಆಗ ಬರುವ ಕಪ್ಪು ತಾತ್ಕಾಲಿಕವಾದದ್ದು. ಕೊರೆಯುವವನ ಗೆರೆ ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಆಮೇಲೆ ಮಾದರಿಯ ಚಿತ್ರವನ್ನು ಎದುರಿಗಿಟ್ಟುಕೊಳ್ಳದೆಯೇ ಮೊನೆಯಿಂದ ಬಳ್ಳಿ, ಹೂವುಗಳನ್ನು ಬಿಡಿಸುತ್ತಾರೆ. ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡಿನ ತುಣುಕನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂಡಿಸುತ್ತಾರೆ. ಅಂಟೂ ಇಲ್ಲ, ಬೆಸುಗೆಯೂ ಇಲ್ಲ. ಮತ್ತೆ ಉಜ್ಜಿದರೆ ಮೊದಲಿನ ಕಪ್ಪು ಹೋಗಿ, ಬೂದಿಯ ಮೈಯಲ್ಲಿ ಬೆಳ್ಳಿ ಇದ್ದೂ ಇಲ್ಲದಂತೆ ಕಾಣುತ್ತದೆ. ನನ್ನ ಹುಣಿಸೆಹಣ್ಣು ಪೆಟ್ಟಿಗೆಯನ್ನು ಸರಿಯಾಗಿ ಆ ಹಂತಕ್ಕೆ ಹಿಂದಕ್ಕೆ ಕೊಂಡೊಯ್ದಿತ್ತು.

ಕೊನೆಯ ಕೆಲಸ ಮಣ್ಣಿನದು. ಬೀದರಿನ ಕೋಟೆಯಲ್ಲಿ ಎಷ್ಟೋ ಕಾಲದಿಂದ ಬಿಸಿಲು ಮಳೆ ಕಾಣದ ಮೂಲೆಗಳ ಮಣ್ಣನ್ನು ತರುತ್ತಾರೆ. ಮಣ್ಣು ತಕ್ಕದ್ದೋ ಅಲ್ಲವೋ ಎಂದು ನಾಲಿಗೆಗೆ ಸೋಕಿಸಿ ಪರೀಕ್ಷಿಸುತ್ತಾರೆ. ಅದಕ್ಕೆ ನವಸಾಗರ ಬೆರೆಸಿ ನೀರಿನಲ್ಲಿ ಕದಡಿ, ಹದವಾಗಿ ಕಾಯಿಸಿದ ಸಾಮಾನಿಗೆ ಸವರಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ನನ್ನ ಕಣ್ಣೆದುರಿಗೆ, ಕೆಲವೇ ನಿಮಿಷಗಳಲ್ಲಿ, ಅಳಿಸಿಹೋಗಿದ್ದ ಬಳ್ಳಿ ಮುಚ್ಚಳದ ಮೇಲೆ ಮತ್ತೆ ಹಬ್ಬಿಕೊಂಡಿತು. ತೊಳೆದು, ಒರೆಸಿ, ಎಣ್ಣೆ ಸವರಿ ಕೈಗಿಡುತ್ತ ಅವರು, "ಒಳಗ ಏನ ಇಡತೀರಿ?" ಎಂದು ಕೇಳಿದರು. ಗಾಜಿನ ಬೀರುವಿನಲ್ಲಿ ಇಟ್ಟಿದ್ದೇವೆ, ಒಳಗೆ ಏನೂ ಇಲ್ಲ ಎಂದೆ. "ಪಾನ್‌ದಾನದಾಗ ಪಾನ್ ಇಡ್ರಿ. ದಿನಾ ಕೈಯಾಗ ಆಡೋ ಸಾಮಾನು ಇದು" ಎಂದರು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿ ಪದ್ಮಶ್ರೀ ಪ್ರಶಸ್ತಿ ಬಂದ ಸುದ್ದಿಯನ್ನು ಓದಿದಾಗ, ನನಗೆ ಹೆಸರೂ ತಿಳಿಯದ ಆ ಹಿರಿಯರನ್ನು ನೆನೆದುಕೊಂಡೆ.

ಬಿದರಿಯ ಪೆಟ್ಟಿಗೆ ಇರುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಹುಳಿ, ಬೂದಿ, ನಾರು ಯಾವುದನ್ನೂ ತೋರಿಸಬೇಡಿ. ಒಣಬಟ್ಟೆಯಿಂದ ಒರೆಸಿ, ಅಪರೂಪಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಒದ್ದೆ ಎಲೆಯನ್ನು ನೇರವಾಗಿ ಲೋಹದ ಮೇಲೆ ಇಡಬಾರದು. ಹಿಂದಿನವರು ಒಳಗೆ ಹಿತ್ತಾಳೆಯ ತಟ್ಟೆ ಇಡುತ್ತಿದ್ದುದು ಅದಕ್ಕೇ. ಸುಣ್ಣಕ್ಕೆ ಪ್ರತ್ಯೇಕ ಡಬ್ಬಿ.

ಬೇರೆ ಪೆಟ್ಟಿಗೆಗಳಿಗೆ ಬೇರೆ ಬೇರೆ ಶತ್ರುಗಳು. ಚನ್ನಪಟ್ಟಣದ ಅರಗಿನ ಬಣ್ಣದ ಭರಣಿಗಳನ್ನು ತೆಗೆದುಕೊಳ್ಳಿ. ಬಿಳಿಯ ಹಗುರಾದ ಆಲೆಮರವನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಹೂವಿನ ಗಿಡದ ಒಣ ಎಲೆಯನ್ನು ಒತ್ತಿ ಹಿಡಿದು ಅದಕ್ಕೆ ಹೊಳಪು ಕೊಡುತ್ತಾರೆ. ಬಿಸಿಯಿಂದ ಬಂದ ಬಣ್ಣವಾದ್ದರಿಂದ ಬಿಸಿಗೇ ಅದು ಹೆದರುತ್ತದೆ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ ಅದಕ್ಕೆ ಆಗದು. ಇನ್ನೊಂದು ಶತ್ರುವನ್ನು ನಾನು ಕಂಡುಕೊಂಡದ್ದು 2020ರ ಸಾಂಕ್ರಾಮಿಕದ ಕಾಲದಲ್ಲಿ. ಮನೆಯೊಳಗೆ ಬಂದ ವಸ್ತುಗಳಿಗೆಲ್ಲ ಸ್ಯಾನಿಟೈಸರು ಸಿಂಪಡಿಸುವ ಉತ್ಸಾಹದಲ್ಲಿ ಮೊಮ್ಮಗಳು ನನ್ನ ಕೆಂಪು ಕುಂಕುಮದ ಭರಣಿಗೂ ಅಭಿಷೇಕ ಮಾಡಿದಳು. ಅರಗು ಮದ್ಯಸಾರದಲ್ಲಿ ಕರಗುವ ವಸ್ತು. ಭರಣಿ ಅಂಟಂಟಾಗಿ ಅವಳ ಬೆರಳಿನ ಗುರುತನ್ನು ಶಾಶ್ವತವಾಗಿ ಉಳಿಸಿಕೊಂಡಿತು. ಈಗ ಅದನ್ನು ಸರಿಮಾಡಿಸುವ ಮನಸ್ಸು ನನಗಿಲ್ಲ.

ಸಾಗರ, ಸೊರಬಗಳ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯ ಸಮಸ್ಯೆ ಬೇರೆ. ಗಂಧದ ಪರಿಮಳವಿರುವುದು ಮರದ ತಿರುಳಿನ ಎಣ್ಣೆಯಲ್ಲಿ. ಕಾಲ ಕಳೆದಂತೆ ಮೇಲ್ಪದರದ ವಾಸನೆ ಮಾಸುತ್ತದೆ. ವಾಸನೆ ಹೋಯಿತೆಂದು ಕೆಲವರು ಅಂಗಡಿಯ ಸುಗಂಧವನ್ನು ಸುರಿಯುತ್ತಾರೆ. ಅದು ಬೇಡ, ಕೆತ್ತನೆಯಿಲ್ಲದ ಒಳಮೈಯನ್ನು ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿದರೆ ಒಳಗಿನ ಪರಿಮಳ ತಾನಾಗಿಯೇ ಎದ್ದುಬರುತ್ತದೆ. ಒಳಗೆ ವಾರ್ನಿಷು ಬಳಿದರೆ ಪರಿಮಳದ ಬಾಯಿ ಕಟ್ಟಿದಂತೆ. ರೇಷ್ಮೆಯನ್ನೋ ಹಳೆಯ ಕಾಗದಗಳನ್ನೋ ಇಡುವುದಾದರೆ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಇಲ್ಲದಿದ್ದರೆ ಮರದ ಎಣ್ಣೆ ಕಲೆ ಮಾಡೀತು. ಗಂಧದ ಮರ ವಿರಳವಾಗಿ, ದುಬಾರಿಯಾಗಿ, ಈಗ ಗುಡಿಗಾರರು ಶಿವನಿಯಂಥ ಮರಗಳಲ್ಲೂ ಅದೇ ಕುಸುರಿಯನ್ನು ತೋರಿಸುತ್ತಾರೆ. ಕೈ ಅದೇ ಆದ್ದರಿಂದ ಅದನ್ನು ಕೀಳೆಂದು ನಾನು ಭಾವಿಸುವುದಿಲ್ಲ. ಗಂಧವೆಂದು ಹೇಳಿ ಮಾರಿದರೆ ಮಾತ್ರ ಆಕ್ಷೇಪ.

ಮೈಸೂರಿನ ಬೀಟೆಮರದ ಪೆಟ್ಟಿಗೆಗಳ ಮೇಲೆ ಆನೆ, ಅಂಬಾರಿ, ತೆಂಗಿನ ಮರಗಳನ್ನು ಕೂಡಿಸಲು ಹಿಂದೆ ದಂತವನ್ನು ಬಳಸುತ್ತಿದ್ದರು. 1972ರ ವನ್ಯಜೀವಿ ಕಾಯಿದೆಗೆ 1986ರಲ್ಲೂ 1991ರಲ್ಲೂ ಬಂದ ತಿದ್ದುಪಡಿಗಳ ಮೇಲೆ ದಂತದ ವ್ಯಾಪಾರ ನಿಂತಿತು. ಈಗ ಬೇರೆ ಬಣ್ಣದ ಮರಗಳ ಚೂರುಗಳೂ ಬಿಳಿಯ ಪ್ಲಾಸ್ಟಿಕ್ಕೂ ಆ ಕೆಲಸ ಮಾಡುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಬಿಟ್ಟು ಆನೆ ಅಂಬಾರಿಯಿಂದ ಬೇರೆಯಾಗುವ ಸಂಭವವುಂಟು. ಬೆಳ್ಳಿಯ ಕರಡಿಗೆಗೆ ಗಂಧಕದ ಅಂಶ ಆಗದು. ಕಾಗದಗಳಿಗೆ ರಬ್ಬರಿನ ಪಟ್ಟಿ ಹಾಕಿ ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟರೆ, ಕೆಲವು ತಿಂಗಳಲ್ಲಿ ಬೆಳ್ಳಿ ಏಕೆ ಕಪ್ಪಾಯಿತೆಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ದಾರದಿಂದ ಕಟ್ಟಿ.

ಇಡುವುದನ್ನೂ ತೋರಿಸುವುದನ್ನೂ ಒಂದುಗೂಡಿಸುವ ವಿದ್ಯೆ ನಮ್ಮವರಿಗೆ ತಿಳಿಯದ್ದೇನಲ್ಲ. ದಸರೆಯ ಬೊಂಬೆಗಳನ್ನೇ ನೋಡಿ. ಪಟ್ಟದ ಬೊಂಬೆಗಳಿಂದ ಹಿಡಿದು ಸೆಟ್ಟಿ ದಂಪತಿಗಳವರೆಗೆ ಎಲ್ಲರೂ ವರ್ಷವಿಡೀ ಅಟ್ಟದ ಟ್ರಂಕುಗಳಲ್ಲಿ ಹಳೆಯ ಪಂಚೆಗಳ ನಡುವೆ ಮಲಗಿರುತ್ತಾರೆ. ಹಬ್ಬ ಬಂದಾಗ ಅವರು ಹೊರಗೆ ಬರುತ್ತಾರೆ. ಬರಿದಾದ ಆ ಟ್ರಂಕುಗಳನ್ನೇ ಒಂದರ ಮೇಲೊಂದು ಪೇರಿಸಿ ಬಿಳಿಯ ಪಂಚೆ ಹಾಸಿದರೆ ಅವರು ಕೂರುವ ಮೆಟ್ಟಿಲುಗಳಾಗುತ್ತವೆ. 9 ದಿನ ಪೆಟ್ಟಿಗೆ ಸಿಂಹಾಸನ, ಉಳಿದ ದಿನ ಶಯನಗೃಹ. ಸಿದ್ಧಪಡಿಸಿದ ಕಬ್ಬಿಣದ ಮೆಟ್ಟಿಲುಗಳನ್ನು ಈಗ ಅಂಗಡಿಯಲ್ಲಿ ಕೊಳ್ಳಬಹುದು. ಕೊಂಡವರ ಮನೆಯಲ್ಲಿ ಹಬ್ಬ ಮುಗಿದ ಮೇಲೆ ಆ ಮೆಟ್ಟಿಲುಗಳನ್ನು ಎಲ್ಲಿಡುವುದೆಂಬುದು ಹೊಸ ಚಿಂತೆ.

ನನ್ನ 17 ಪೆಟ್ಟಿಗೆಗಳಿಗೆ ಆ ಮಧ್ಯಾಹ್ನ ಏನು ಮಾಡಿದೆನೆಂದರೆ, ಒಂದೊಂದನ್ನೂ ಕೈಗೆತ್ತಿಕೊಂಡು ನಿನಗೆ ಯಾವ ಕೆಲಸ ಕೊಡಲಿ ಎಂದು ಕೇಳಿದೆ. ಉತ್ತರ ಹೊಳೆಯದ 5 ಪೆಟ್ಟಿಗೆಗಳನ್ನು ಸೊಸೆಯಂದಿರಿಗೂ ನೆಂಟರ ಮಕ್ಕಳಿಗೂ ಕೊಟ್ಟುಬಿಟ್ಟೆ. ಉಳಿದವನ್ನು ಷೋಕೇಸಿನಿಂದ ಇಳಿಸಿ ಅವುಗಳ ಕೆಲಸ ಎಲ್ಲಿ ನಡೆಯುವುದೋ ಅಲ್ಲಿ ಇಟ್ಟೆ. ಬೀಟೆಯ ಪೆಟ್ಟಿಗೆ ಬಾಗಿಲ ಬಳಿ, ಬೀಗದ ಕೈಗಳಿಗೆ. ಚನ್ನಪಟ್ಟಣದ ದೊಡ್ಡ ಭರಣಿ ಹೊಲಿಗೆಯ ಗುಂಡಿಗಳಿಗೆ. ಗುಂಡಿಯೊಂದು ಬೇಕಾದಾಗ ಮನೆಯವರೆಲ್ಲ ಸೇರಿ ಹುಡುಕುವುದು ಇದರಿಂದ ತಪ್ಪಿದೆ. ಗಂಧದ ಪೆಟ್ಟಿಗೆಯಲ್ಲಿ ನನ್ನ ತಾಯಿ ಬರೆದ ಕಾಗದಗಳು. ಇವುಗಳನ್ನು ನೋಡಬಯಸುವವರಿಗೆ ಮೊದಲಿನಷ್ಟು ಅನುಕೂಲವಿಲ್ಲ, ಮನೆಯೆಲ್ಲ ಸುತ್ತಬೇಕು. ಬೆಳ್ಳಿಯ ಕುಂಕುಮದ ಕರಡಿಗೆಯೊಂದನ್ನು ಮಾತ್ರ, ಕಳ್ಳರ ಭಯಕ್ಕಾಗಿ, ಈಗಲೂ ಒಳಗೆ ಇಟ್ಟಿದ್ದೇನೆ. ಷೋಕೇಸಿನಲ್ಲಿ ಈಗ ಪುಸ್ತಕಗಳಿವೆ. ಬೀಗ ಹಾಕುವುದಿಲ್ಲ.

ಬಿದರಿಯ ಪೆಟ್ಟಿಗೆ 1987ರಿಂದ ಮತ್ತೆ ಅತ್ತೆಯವರ ಚಾಪೆಯ ಪಕ್ಕದಲ್ಲಿತ್ತು. ಕಣ್ಣು ಪೂರ್ತಿ ಮಂಜಾದ ಮೇಲೂ ಅವರ ಕೈ ತಪ್ಪದೆ ಅದರ ಮೇಲೆ ಹೋಗಿ ಬೀಳುತ್ತಿತ್ತು; ಮುಟ್ಟಿದರೆ ತಣ್ಣಗಿರುವ, ಎತ್ತಿದರೆ ಭಾರವಾಗಿರುವ ವಸ್ತು ಆ ಕೋಣೆಯಲ್ಲಿ ಅದೊಂದೇ. 1993ರಲ್ಲಿ ಅವರು ತೀರಿಕೊಂಡರು. ಅದಾದ ಮೇಲೆ ನಾನು ಅದನ್ನು ಇನ್ನೊಮ್ಮೆ ಷೋಕೇಸಿಗೆ ಸೇರಿಸಿದ್ದೆನೆಂದು ಹೇಳಲು ಸಂಕೋಚವಾಗುತ್ತದೆ. ಕಂಡು ಕಂಡೂ ಅದೇ ತಪ್ಪು. ಅದು ಕೆಳಗಿಳಿದದ್ದು, ನನಗೆ ರಕ್ತದೊತ್ತಡವೂ ಸಕ್ಕರೆಯೂ ಒಟ್ಟಿಗೆ ಹಿಡಿದು ದಿನಕ್ಕೆ ಮೂರು ಹೊತ್ತು ಮಾತ್ರೆ ನುಂಗಬೇಕಾಗಿ ಬಂದಾಗ. ಲವಂಗದ ಮನೆಯಲ್ಲಿ ಬೆಳಗಿನ ಮಾತ್ರೆ, ಏಲಕ್ಕಿಯ ಮನೆಯಲ್ಲಿ ಮಧ್ಯಾಹ್ನದ್ದು, ಅಡಿಕೆಯ ಮನೆಯಲ್ಲಿ ರಾತ್ರಿಯದು. ಎಲೆ ಇಡುತ್ತಿದ್ದ ತಟ್ಟೆಯ ಮೇಲೆ ಕನ್ನಡಕ. ಊಟವಾದ ಮೇಲೆ ಮಾತ್ರೆ ನುಂಗಿ ಮುಚ್ಚಳ ಮುಚ್ಚಿದರೆ, ಒಳಕೋಣೆಯಲ್ಲಿ ಓದುತ್ತ ಕುಳಿತ ಮೊಮ್ಮಗಳು ಆ ಟಕ್ ಎಂಬ ಶಬ್ದ ಕೇಳಿ ಅಲ್ಲಿಂದಲೇ ಕೂಗುತ್ತಾಳೆ: "ಅಜ್ಜೀ, ಆಯ್ತಾ? ಬರ್ಲಾ?"